ಎರಡನೇ ಒಪ್ಪಿಗೆ ಪತ್ರ

ದೈವ ಕಟ್ಟುವ ಕುಂಞ ಮೊದಲ ಹಾಳೆಗೆ ಸಹಿ ಹಾಕಿ, ಎರಡನೆಯದನ್ನು ನಮಿತಾಳಿಗೆ ವಾಪಸು ಕೊಟ್ಟರು.

"ನಾನು ಹೇಳಿದ್ದಕ್ಕೆ ನನ್ನ ಸಹಿ. ದೈವ ಹೇಳಿದ್ದಕ್ಕೆ ನಾನು ಹೇಗೆ ಹಾಕುವುದು ಟೀಚರೇ?"

"ನಿಮ್ಮ ಬಾಯಿಂದಲೇ ಅಲ್ವಾ ಬಂದದ್ದು?"

"ಕಾಗದ ತಂದ ಪೋಸ್ಟ್‌ಮ್ಯಾನ್ ಅಡಿಯಲ್ಲಿ ತನ್ನ ಹೆಸರು ಬರೀತಾನಾ?" ಕುಂಞ ಬಣ್ಣದ ಬಟ್ಟಲು ಹತ್ತಿರ ಎಳೆದುಕೊಂಡರು. "ನಾಳೆ ಬೆಳಿಗ್ಗೆ ದೈವದ ಹತ್ತಿರವೇ ಕೇಳಿ."

ಕಾರಡ್ಕದ ಆಚೆಗಿನ ಆ ಊರಿನಲ್ಲಿ ಅಂಗನವಾಡಿಯ ದಾರಿಯ ಜಗಳ ಮೂರು ವರ್ಷ ಪಂಚಾಯತಿನಲ್ಲಿ ಕೊಳೆತಿತ್ತು. ಹೋದ ಸಲದ ಕೋಲದಲ್ಲಿ ಕುಂಞರ ಮೈಮೇಲೆ ಬಂದ ದೈವ ಒಂದು ನುಡಿ ಕೊಟ್ಟಿತು. ಮರುದಿನವೇ ದಾರಿಗೆ ಅಡ್ಡ ಹಾಕಿದ್ದ ಬೇಲಿ ಕಿತ್ತರು. ನಮಿತಾಳ ಧರ್ಮಾಧ್ಯಯನದ ಪ್ರಬಂಧದಲ್ಲಿ ಮೂರನೇ ಅಧ್ಯಾಯ ನಿಂತದ್ದೇ ಆ ನುಡಿಯ ಮೇಲೆ. ಮಾತಾಡಿದವರ ಲಿಖಿತ ಒಪ್ಪಿಗೆ ಇಲ್ಲದೆ ಧ್ವನಿಮುದ್ರಣ ಬಳಸುವಂತಿಲ್ಲ ಎಂದು ವಿಶ್ವವಿದ್ಯಾಲಯದ ಸಮಿತಿ ಹೇಳಿತ್ತು. ಸೋಮವಾರ ಕೊನೆಯ ದಿನ.

ರಾತ್ರಿಯಿಡೀ ಕೋಲ ನಡೆದು, ಬೆಳಿಗ್ಗೆ ಊರವರು ಪ್ರಸಾದಕ್ಕೆ ಸಾಲುಗಟ್ಟಿದ್ದಾಗ, ಅವಳು ಹಾಳೆ ಹಿಡಿದು ದೈವದ ಮುಂದೆ ನಿಂತಳು. ದೈವ ಬೆನ್ನಿಗೆ ಕಟ್ಟಿದ ಎತ್ತರದ ಅಣಿಯ ಸಮೇತ ಅವಳತ್ತ ಬಾಗಿತು.

"ಏನದು ಮಗಳೇ? ಹತ್ತು ಜನ ಕೇಳುವ ಹಾಗೆ ಓದು."

ಅವಳು ಒಂದೊಂದೇ ಸಾಲನ್ನು ತುಳುವಿಗೆ ತಿರುಗಿಸಿ ಓದಿದಳು. 'ತಮ್ಮ ಹೆಸರನ್ನು ಗುಟ್ಟಾಗಿ ಇಡಲಾಗುವುದು' ಎಂದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದರು. 'ತಾವು ಯಾವಾಗ ಬೇಕಾದರೂ ಇದರಿಂದ ಹಿಂದೆ ಸರಿಯಬಹುದು' ಎಂಬಲ್ಲಿ ದೈವ ಕೈ ಎತ್ತಿತು.

"ನಾನು ಹಿಂದೆ ಸರಿಯುವುದೇ? ಆ ಸಾಲು ಹೊಡೆದುಹಾಕು."

ಎಲ್ಲರೆದುರು ಅವಳು ಹೊಡೆದುಹಾಕಿದಳು. ದೈವ ಗಂಧದಲ್ಲಿ ಅದ್ದಿದ ಹೆಬ್ಬೆರಳನ್ನು ಹಾಳೆಯ ಅಡಿಯಲ್ಲಿ ಒತ್ತಿತು.

ಒಂಬತ್ತು ಗಂಟೆಗೆ ಕುಂಞ ಗುಡಿಯ ಹಿಂದಿನ ಮೆಟ್ಟಿಲಲ್ಲಿ ಕೂತು ತೆಂಗಿನೆಣ್ಣೆಯಿಂದ ಮುಖದ ಬಣ್ಣ ತೆಗೆಯುತ್ತಿದ್ದರು. ಮೊಣಕಾಲು ಊದಿತ್ತು.

"ಒಪ್ಪಿಗೆ ಸಿಕ್ಕಿತಾ?"

ನಮಿತಾ ನಗುತ್ತಾ ಹಾಳೆ ತೋರಿಸಿದಳು. "ಸಮಿತಿಯವರು ಎಂತ ಹೇಳ್ತಾರೋ!"

"ನಂಬಿಕೆ ಇಲ್ಲದಿದ್ರೆ ಮೂಸಿ ನೋಡ್ಲಿ." ಕುಂಞರ ಕಣ್ಣು ಗೀಟಿನ ಮೇಲೆ ನಿಂತಿತು. "ಇದು ಯಾವ ಸಾಲು ಹೊಡೆದದ್ದು?"

ಅವಳು ಓದಿ ಹೇಳಿದಳು. ನಲವತ್ತು ವರ್ಷ ಅಣಿ ಹೊತ್ತ ಬೆನ್ನನ್ನು ಅವರು ಗೋಡೆಗೆ ಒರಗಿಸಿದರು. ಎಳೆಬಿಸಿಲು ಹಿತವಾಗಿತ್ತು.

"ನನ್ನ ಹಾಳೆಯಲ್ಲಿಯೂ ಆ ಸಾಲು ಉಂಟಾ ಟೀಚರೇ?"

"ಉಂಟು."

"ಅದು ಹಾಗೇ ಇರಲಿ."