ನಿಶ್ಚಿತಾರ್ಥಕ್ಕೆ ಹೊರಟವರು

ತಂಗಿಯ ನಿಶ್ಚಿತಾರ್ಥಕ್ಕೆಂದು ವಾರಿಜಾ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು, ದಾರಿ ತೋರಿಸುವ ನಾಯಿ ರೂಬಿಯ ಮೈ ಬಾಚಿ, ಬಾಗಿಲಲ್ಲಿ ಕಾದು ನಿಂತಿದ್ದಳು. ಕಣ್ಣು ಕಾಣದ ಅವಳು ಈಚೆಗೆ ರೂಬಿ ಇಲ್ಲದೆ ಹೊಸಿಲು ದಾಟಿದವಳೇ ಅಲ್ಲ.

"ನಾಯಿ ಬೇಡಮ್ಮ," ಎಂದರು ಅಪ್ಪ.

"ಕುರ್ಚಿ ಕೆಳಗೆ ಸುಮ್ಮನೆ ಮಲಗಿರುತ್ತೆ, ಅಪ್ಪ."

"ಗಂಡಿನ ಕಡೆಯವರು ಏನಾದರೂ ಅಂದುಕೊಂಡರೆ?"

ಶುಭಕಾರ್ಯದ ದಿನ ವಾದ ಬೇಡವೆನಿಸಿತು. ಅವಳು ನಾಯಿಯ ಬೆನ್ನಿನ ಪಟ್ಟಿ ಬಿಚ್ಚಿದಳು. ರೂಬಿ ಅವಳ ಅಂಗೈ ನೆಕ್ಕಿತು.

"ಆಯ್ತು. ಅಮ್ಮ, ನಿನ್ನ ಕೈ ಹಿಡಿದುಕೊಂಡೇ ಬರ್ತೀನಿ."

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಚಾಚಿದ ಕೈಗೆ ಅಮ್ಮನ ಕೈ ಸಿಗಲಿಲ್ಲ.

"ವಾರಿಜಾ," ಎಂದಳು ಅಮ್ಮ ಮೆಲ್ಲಗೆ, "ನಮಗೆ ಒಬ್ಬಳೇ ಮಗಳು ಅಂತ ಅವರಿಗೆ ಹೇಳಿದ್ದೀವಿ."