ಹಸಿ ಸುಣ್ಣ

ಕಡಲತಡಿಯ ಹಳೆಯ ದೀಪಸ್ತಂಭದ ಗೋಡೆ ಮುಟ್ಟಿದ ಇಂಜಿನಿಯರಮ್ಮನ ಬೆರಳಿಗೆ ಹಸಿ ಸುಣ್ಣ ಮೆತ್ತಿಕೊಂಡಿತು. ಕೆಡವುವ ಮುನ್ನ ಪುರಾವೆಗೆಂದು ಬಿರುಕುಗಳ ಫೋಟೊ ತೆಗೆಯಲು ಬಂದಿದ್ದಳು; ಬಿರುಕುಗಳೇ ಮಾಯ. ಮುದಿ ಕಾವಲುಗಾರನನ್ನು ದುರುಗುಟ್ಟಿ ನೋಡಿದಳು.

"ಏನಜ್ಜ, ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

"ಮಣ್ಣಲ್ಲ ತಾಯಿ, ಸುಣ್ಣ," ಎಂದ ಅವನು, ಮೊಣಕೈವರೆಗೂ ಬೆಳ್ಳಗಾಗಿದ್ದ ಕೈಗಳನ್ನು ಬಚ್ಚಿಡದೆ. "ನಲವತ್ತು ವರ್ಷ ಇದನ್ನ ಕಾದಿದ್ದೀನಿ. ಕೆಡವೋರು ಕೆಡವಲಿ, ಇದರ ವಿರುದ್ಧ ಸಾಕ್ಷಿ ನಾನ್ಯಾಕೆ ಕೊಡಲಿ?"

ಅವಳು ಕತ್ತೆತ್ತಿದಳು. "ಮೇಲಿನ ಆ ಒಂದು ಬಿರುಕು ಬಿಟ್ಟುಬಿಟ್ಟಿದ್ದೀಯಲ್ಲ?"

"ಏಣಿ ಎಟುಕಲಿಲ್ಲ."

ಅವಳು ನಕ್ಕಳು. ಮನಸ್ಸು ಕರಗಿತೇನೋ ಎಂದು ಮುದುಕನೂ ಬೊಚ್ಚುಬಾಯಿ ತೆರೆದು ನಕ್ಕ. ನಗುನಗುತ್ತಲೇ ಅವಳು ಕ್ಯಾಮೆರಾ ಎತ್ತಿ ಆ ಬಿರುಕಿಗೆ ಗುರಿಯಿಟ್ಟಳು. ದೀಪ ಆರಿ ವರ್ಷಗಳಾಗಿದ್ದ ಸ್ತಂಭ, ಆ ಮುಸ್ಸಂಜೆ ಫ್ಲ್ಯಾಶಿನ ಬೆಳಕಿಗೆ ಒಮ್ಮೆ ಝಗ್ಗೆಂದಿತು.