ತೋಳಿನ ಅಳತೆ

"ಇಂಜಿನಿಯರ್ ಸಾಹೇಬ್ರ ಬಂದಾರಲ್ಲ, ಅವರ ಹೇಳ್ಲಿ. ಈ ತಗಡಿನ ಗೂಡು ಇರಬೇಕೋ, ಕಿತ್ತ ಒಗೀಬೇಕೋ!" ಎಂದು ಬೇಡಕಿಹಾಳದ ಬೆಲ್ಲದ ಗಾಣದ ಮಾಲೀಕ ಆಬಾಸಾಹೇಬರು ಎಂಜಿನ್ ಬಂದ್ ಮಾಡಿಸಿದರು.

ಕಾಶಿಬಾಯಿ ಕೈಯಲ್ಲಿದ್ದ ಕಬ್ಬನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷ ಆ ಗಾಣದ ಬಾಯಿಗೆ ಕೈಯಾರೆ ಕಬ್ಬು ಕೊಟ್ಟವಳು. ಬಲಗೈಯ ಎರಡು ಬೆರಳುಗಳನ್ನೂ ಅದಕ್ಕೇ ಕೊಟ್ಟಿದ್ದಳು. ನಾಳೆಯಿಂದ ಅಲ್ಲಿ ಕೂರುವವಳು ಮಗಳು ಸುಂದರಾ. ಅದಕ್ಕೇ ನಿಪ್ಪಾಣಿಯ ವೆಲ್ಡಿಂಗ್ ಅಂಗಡಿಯಲ್ಲಿ ತನ್ನ ತೋಳಿನ ಅಳತೆ ಕೊಟ್ಟು, ಈ ಉದ್ದನೆಯ ಗೂಡು ಮಾಡಿಸಿ ಗಾಣದ ಬಾಯಿಗೆ ಕೂರಿಸಿದ್ದಳು. ಕಬ್ಬು ಒಳಗೆ ಹೋಗುತ್ತಿತ್ತು, ಕೈ ರೋಲರಿಗೆ ಮುಟ್ಟುತ್ತಿರಲಿಲ್ಲ.

"ಕೆಲಸ ಸಾವಕಾಶ ಆಗಾಕತ್ತೈತ್ರಿ," ಎಂದರು ಆಬಾಸಾಹೇಬರು.

ಬೆಳಗಾವಿಯ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದಿಂದ ಗಾಣಗಳನ್ನು ನೋಡಲು ಬಂದಿದ್ದ ಪಾರಿಸ ಸಾಹೇಬರು ಬಿಳಿ ಪ್ಯಾಂಟಿನಲ್ಲೇ ಕಬ್ಬಿನ ಸಿಪ್ಪೆಯ ಮೇಲೆ ಕುಳಿತು ಗೂಡಿನೊಳಗೆ ಕೈ ಚಾಚಿದರು. ಬೆರಳ ತುದಿ ನಿಂತ ರೋಲರಿಗೆ ತಾಗಿತು.

"ಅಕ್ಕಾರ, ಇದು ನಿಮ್ಮ ಕೈಗೆ ಬರೋಬರಿ ಐತಿ. ನನ್ನ ಕೈಗೆ ಸಾಲೂದಿಲ್ಲ."

ಮುಗಿಯಿತು ಅಂದುಕೊಂಡಳು ಕಾಶಿಬಾಯಿ. ಸಾಹೇಬರು ಜೇಬಿನಿಂದ ಟೇಪು ತೆಗೆದರು. ಕಬ್ಬು ಹೊರುವವರು, ಒಲೆಗೆ ಉರಿ ಹಾಕುವವನು, ಸುಂದರಾ, ಎಲ್ಲರ ತೋಳನ್ನೂ ಒಂದೊಂದಾಗಿ ಅಳೆದು ಬರೆದುಕೊಂಡರು. ಎಲ್ಲರಿಗಿಂತ ಉದ್ದದ ಕೈ ಆಬಾಸಾಹೇಬರದು.

"ಈ ಕೈ ಉಳೀಬೇಕಂದ್ರ ಗೂಡು ಇನ್ನೂ ಆರ್ ಇಂಚು ಬೇಕ್ರಿ ಸಾವಕಾರ್ರ!"

ಆಳುಗಳು ಗೊಳ್ಳೆಂದು ನಕ್ಕರು. ಆಬಾಸಾಹೇಬರು ನಗಲಿಲ್ಲ. "ಇದೇನ್ ಸರಕಾರದ ಹುಕುಮೇನ್ರಿ?"

"ಹುಕುಮ್ ಮಾಡೂ ಅಧಿಕಾರ ನಮ್ಮ ಸಂಘಕ್ಕ ಇಲ್ರಿ. ಈ ಅಕ್ಕಾರು ಬೆರಳು ಕಳಕೊಂಡು ಕಲತಾರ. ಅದನ್ನ ನಕ್ಷಾ ಬರದು ಊರೂರಿಗೆ ಮುಟ್ಟಸ್ತೀವಿ. ಮತ್ತೊಬ್ರು ಹಂಗ ಕಲೀಬಾರದು, ಅಷ್ಟ."

ಆಬಾಸಾಹೇಬರು ತಮ್ಮ ಕೈಯನ್ನೊಮ್ಮೆ ಹೊರಳಿಸಿ ನೋಡಿಕೊಂಡರು. "ಆರ್ ಇಂಚು ಕೂಡಸ್ರಿ ಹಂಗಾದ್ರ," ಎಂದರು ಮೆಲ್ಲಗೆ.

ಮರುವರ್ಷ, ಎಂಬತ್ತೆಂಟರ ಹಂಗಾಮಿನಲ್ಲಿ, ಬೀಗರ ಮನೆಗೆಂದು ಪಾಲಬಾವಿಗೆ ಹೋದ ಕಾಶಿಬಾಯಿ ದಾರಿಯ ಗಾಣದ ಮುಂದೆ ನಿಂತುಬಿಟ್ಟಳು. ಅಂಥದೇ ಗೂಡು!

"ಇದನ್ನ ಯಾರ್ ಹೇಳಿದ್ರವ್ವಾ?"

"ಯಾರೋ ಸಂಘದವ್ರು ನಕ್ಷಾ ಕಳಿಸಿದ್ರಂತ ಬೇ," ಎಂದಳು ಕಬ್ಬು ಕೊಡುತ್ತಿದ್ದ ಹುಡುಗಿ. ಅಷ್ಟರಲ್ಲಿ ಹಿಂದಿನಿಂದ ಯಾರೋ ಚೇಷ್ಟೆ ಮಾಡಿದರು. ಅವಳು ಪೂರ್ತಿ ಆ ಕಡೆ ತಿರುಗಿ, ಬೈದು, ನಕ್ಕಳು. ಕೈ ತನ್ನ ಪಾಡಿಗೆ ಕಬ್ಬು ಕೊಡುತ್ತಲೇ ಇತ್ತು.

ಇಪ್ಪತ್ತು ವರ್ಷ ರೋಲರಿನಿಂದ ಕಣ್ಣು ಕೀಳದೆ ಬದುಕಿದ್ದ ಕಾಶಿಬಾಯಿ, ಬೆರಗಾಗಿ ಆ ಹುಡುಗಿಯ ನಗುವನ್ನೇ ನೋಡುತ್ತ ನಿಂತಳು.